ಬೆಳಿಗ್ಗೆ ಹತ್ತುವ ದೀಪ, ಆಲ್ದೂರಿಗೆ ಆರುವ ದೀಪ: ಟಯರ್ ಪ್ರೆಶರ್ ವಾರ್ನಿಂಗ್ ಜೊತೆ ಮೂರೂವರೆ ವರ್ಷ

ಕಾರು ತಗೊಂಡು ಮೂರೂವರೆ ವರ್ಷವಾಯಿತು. ಓಡಿದ್ದು 58 ಸಾವಿರ ಕಿಲೋಮೀಟರ್. ಇಂಜಿನ್, ಮೈಲೇಜ್, ಸೀಟು ಇವುಗಳ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನಾನು ಬರೆಯುತ್ತಿರುವುದು ಮೀಟರಿನಲ್ಲಿ ಹತ್ತುವ ಒಂದು ಹಳದಿ ದೀಪದ ಬಗ್ಗೆ. ಕುದುರೆ ಲಾಳದಂಥ ಗುರುತು, ಅದರ ಮಧ್ಯೆ ಒಂದು ಆಶ್ಚರ್ಯಸೂಚಕ ಚಿಹ್ನೆ. ಟಯರ್‌ನಲ್ಲಿ ಗಾಳಿ ಕಡಿಮೆ ಇದೆ ಎಂದು ಹೇಳುವ ದೀಪ. ಕಂಪನಿ ಹೆಸರು ಬರೆಯುವುದಿಲ್ಲ. ಇಲ್ಲಿರುವ ಬಹುಪಾಲು ಮಾತು ಯಾವ ಕಾರಿಗಾದರೂ ಹೊಂದುತ್ತದೆ.

ನಾನಿರುವುದು ಚಿಕ್ಕಮಗಳೂರು. ಹೆಂಡತಿಯ ತವರು ಮಂಗಳೂರು. ತಿಂಗಳಿಗೆ ಎರಡು ಸಲವಾದರೂ ಶನಿವಾರ ಬೆಳಿಗ್ಗೆ ಆರಕ್ಕೆ ಹೊರಟು ಚಾರ್ಮಾಡಿ ಘಾಟಿ ಇಳಿಯುತ್ತೇವೆ. ಕಾರು ತಂದ ವರ್ಷದ ಡಿಸೆಂಬರ್‌ನಲ್ಲಿ ಕಾಟ ಶುರುವಾಯಿತು. ಕೀಲಿ ತಿರುಗಿಸಿದರೆ ದೀಪ. ಇಳಿದು ನೋಡಿದರೆ ನಾಲ್ಕೂ ಟಯರ್ ಗುಂಡಗಿವೆ. ಒದ್ದು ನೋಡಿದರೂ ಗಟ್ಟಿ. ಸರಿ ಎಂದು ಹೊರಟರೆ ಆಲ್ದೂರು ದಾಟುವಷ್ಟರಲ್ಲಿ ದೀಪ ತಾನಾಗಿಯೇ ಆರಿಹೋಗುತ್ತಿತ್ತು. ಮಂಗಳೂರಿನಲ್ಲಿ ಇದ್ದ ಎರಡು ದಿನ ಸುದ್ದಿಯೇ ಇಲ್ಲ. ವಾಪಸ್ ಬಂದು ಎರಡು ರಾತ್ರಿ ಮನೆ ಮುಂದೆ ನಿಲ್ಲಿಸಿದರೆ ಮತ್ತೆ ದೀಪ.

ಸರ್ವಿಸ್ ಸೆಂಟರ್‌ಗೆ ಮೂರು ಸಲ ಹೋದೆ. ಅಲ್ಲಿಗೆ ಹೋಗುವ ಹೊತ್ತಿಗೆ ಬಿಸಿಲು ಏರಿರುತ್ತದೆ, ಟಯರ್ ಬಿಸಿಯಾಗಿರುತ್ತದೆ, ದೀಪ ಆರಿರುತ್ತದೆ. ಡಾಕ್ಟರ ಮುಂದೆ ಕೂತ ತಕ್ಷಣ ಹಲ್ಲುನೋವು ಮಾಯವಾಗುತ್ತದಲ್ಲ, ಹಾಗೆ. "ಪ್ರೆಶರ್ ಎಲ್ಲಾ ಸರಿ ಇದೆ ಸರ್, ಸ್ಕ್ಯಾನ್‌ನಲ್ಲೂ ಏನೂ ಬಂದಿಲ್ಲ" ಎಂದರು. ಮೂರನೇ ಸಲ, "ಸೆನ್ಸರ್ ವೀಕ್ ಆಗಿರಬಹುದು, ನಾಲ್ಕೂ ಬದಲಾಯಿಸಿ ನೋಡೋಣ್ವಾ?" ಎಂದರು. ಆರು ತಿಂಗಳ ಕಾರಿಗೆ ನಾಲ್ಕು ಸೆನ್ಸರ್! ಬೇಡ ಎಂದು ಬಂದೆ. ಮಾರ್ಚ್ ಬಂತು, ಸೆಕೆ ಏರಿತು, ದೀಪದ ಕಾಟವೂ ನಿಂತಿತು. ಸುಳ್ಳು ವಾರ್ನಿಂಗ್ ಎಂದು ಮನಸ್ಸಿನಲ್ಲೇ ತೀರ್ಪು ಕೊಟ್ಟುಬಿಟ್ಟೆ.

ಆ ತೀರ್ಪಿಗೆ ದಂಡ ಕಟ್ಟಿದ್ದು ಮುಂದಿನ ವರ್ಷ. 20 ಸಾವಿರದ ಸರ್ವಿಸ್‌ನಲ್ಲಿ ಟಯರ್ ರೊಟೇಶನ್ ಮಾಡಿಸಿದ್ದೆ. ಮುಂದಿನದು ಹಿಂದೆ, ಹಿಂದಿನದು ಮುಂದೆ. ಕೆಲವು ವಾರಗಳ ನಂತರ ಒಂದು ಶನಿವಾರ ಮೂಡಿಗೆರೆ ಹತ್ತಿರ ಬರುವಾಗ ದೀಪ ಹತ್ತಿತು. ಸ್ಕ್ರೀನ್‌ನಲ್ಲಿ "ಮುಂದಿನ ಎಡ 27" ಎಂದಿದೆ, ಉಳಿದ ಮೂರೂ 34ರ ಆಸುಪಾಸು (ಗಾಳಿಯ ಒತ್ತಡದ ಅಳತೆಯಾದ ಪಿಎಸ್‌ಐ ಲೆಕ್ಕದಲ್ಲಿ; ಬಾಯಿಮಾತಿನಲ್ಲಿ ಪಾಯಿಂಟ್). ಬಂಕ್‌ಗೆ ತಿರುಗಿಸಿ ಹುಡುಗನಿಗೆ ಹೇಳಿದೆ: "ಮುಂದಿನ ಎಡಗಡೆ ಲೀಕ್ ಇದೆ ಅನ್ಸುತ್ತೆ, ಸ್ವಲ್ಪ ಜಾಸ್ತಿನೇ ಹಾಕಪ್ಪ, 38." ಹಾಕಿದ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಮತ್ತೆ ಹತ್ತಿ ಕೂತರೆ ಮುಂದಿನ ಎಡ 24. ಹಿಂದಿನ ಎಡ 38. ಗಾಳಿ ಹಾಕಿಸಿದ್ದು ಮುಂದಕ್ಕೆ, ಏರಿದ್ದು ಹಿಂದಿನದು! ಸೆನ್ಸರ್‌ಗೆ ತಲೆ ಕೆಟ್ಟಿದೆ ಎಂದುಕೊಂಡು ಘಾಟಿ ಇಳಿದೆ. ಮಾಡಬಾರದಿತ್ತು. ತಿರುವುಗಳಲ್ಲಿ ಕಾರಿನ ಹಿಂಭಾಗ ಓಲಾಡುತ್ತಿತ್ತು, ನಾನು ರಸ್ತೆಯನ್ನು ಬೈಯುತ್ತಿದ್ದೆ.

ಉಜಿರೆಯ ಪಂಚರ್ ಅಂಗಡಿಯಲ್ಲಿ ನಿಲ್ಲಿಸಿ, "ಮುಂದಿನದು ನೋಡಿ, ಗಾಡಿ ಹಾಗೆ ಹೇಳ್ತಿದೆ" ಎಂದೆ. ಅವರು ಕಾರಿನ ಸುತ್ತ ಒಂದು ಸುತ್ತು ಬಂದರು. "ನಿಮ್ಮ ಗಾಡಿ ಮಾತು ಬಿಡಿ ಮಾರಾಯ್ರೇ, ನೀರು ಹೇಳ್ತದೆ ನೋಡಿ" ಎಂದು ಸೋಪಿನ ನೀರನ್ನು ಹಿಂದಿನ ಎಡ ಟಯರ್‌ಗೆ ಸುರಿದರು. ರಸ್ತೆಗೆ ತಾಗುವ ಭಾಗದ ಅಂಚಿನಲ್ಲಿ ಒಂದು ಕಡೆ ಸಣ್ಣ ಸಣ್ಣ ಗುಳ್ಳೆ ಎದ್ದವು. ತುಕ್ಕು ಹಿಡಿದ ಮೊಳೆ, ತಲೆ ಸವೆದು ರಬ್ಬರ್ ಮಟ್ಟಕ್ಕೆ ಬಂದಿತ್ತು. ಹತ್ತು ನಿಮಿಷದಲ್ಲಿ ಪಂಚರ್ ಹಾಕಿ ಮುಗಿಸಿದರು.

ಆಗಿದ್ದು ಇಷ್ಟೇ. ಪ್ರತಿ ಚಕ್ರದೊಳಗೆ, ವಾಲ್ವ್ ಬುಡದಲ್ಲಿ, ಒಂದು ಪುಟ್ಟ ಸೆನ್ಸರ್ ಇರುತ್ತದೆ. ಅದಕ್ಕೊಂದು ನಂಬರ್. ಗಾಳಿ ಎಷ್ಟಿದೆ ಎಂದು ಅದು ರೇಡಿಯೋ ಮೂಲಕ ಕಾರಿಗೆ ಹೇಳುತ್ತಿರುತ್ತದೆ. ಯಾವ ನಂಬರಿನ ಚಕ್ರ ಎಲ್ಲಿದೆ ಎಂಬ ಪಟ್ಟಿ ಕಾರಿನ ನೆನಪಿನಲ್ಲಿದೆ. ಚಕ್ರದ ಜಾಗ ಬದಲಾದರೆ ಕೆಲವು ಕಾರುಗಳು ತಾವೇ ತಿಳಿದುಕೊಳ್ಳುತ್ತವೆ. ನನ್ನದಕ್ಕೆ ಹೊಸದಾಗಿ ಹೇಳಿಕೊಡಬೇಕು. ರೊಟೇಶನ್ ಮಾಡಿದವರು ಅದನ್ನು ಮರೆತಿದ್ದರು. ಆಮೇಲೆ ಹೋದಾಗ ಕೈಯಲ್ಲೊಂದು ಉಪಕರಣ ಹಿಡಿದು ಚಕ್ರದಿಂದ ಚಕ್ರಕ್ಕೆ ಓಡಾಡಿ ಹತ್ತೇ ನಿಮಿಷದಲ್ಲಿ ಸರಿಮಾಡಿದರು. ಈಗ ರೊಟೇಶನ್ ಆದ ಮೇಲೆ ನಾನೇ ಪರೀಕ್ಷೆ ಮಾಡುತ್ತೇನೆ: ಒಂದು ಟಯರ್‌ನಿಂದ ಮೂರು ಪಾಯಿಂಟ್ ಗಾಳಿ ಬಿಟ್ಟು, ಸ್ವಲ್ಪ ಓಡಿಸಿ, ಸ್ಕ್ರೀನ್‌ನಲ್ಲಿ ಇಳಿದದ್ದು ಅದೇ ಟಯರಾ ಎಂದು ನೋಡುವುದು.

ಆ ಮೊಳೆಯ ದೆಸೆಯಿಂದ ಒಂದು ಒಳ್ಳೆಯದಾಯಿತು. ಸ್ವಂತದ್ದೊಂದು ಪ್ರೆಶರ್ ಗೇಜು, ಕಾರಿನ ಸಾಕೆಟ್‌ಗೆ ಸಿಕ್ಕಿಸುವ ಒಂದು ಪಂಪು ತಗೊಂಡೆ. ಮುಂದಿನ ಚಳಿಗಾಲಕ್ಕೆ ಕಾದು ಕೂತೆ. ದೀಪ ಹತ್ತಿದ ದಿನ, ಬೆಳಿಗ್ಗೆ ಐದೂಮುಕ್ಕಾಲಿಗೆ, ಸ್ವೆಟರ್ ಹಾಕಿಕೊಂಡು, ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು ನಾಲ್ಕೂ ಟಯರ್ ಅಳೆದೆ. ಹೊರಗೆ 14 ಡಿಗ್ರಿ. ಗೇಜಿನಲ್ಲಿ 28. ಡ್ರೈವರ್ ಬಾಗಿಲ ಬಳಿಯ ಸ್ಟಿಕ್ಕರ್‌ನಲ್ಲಿ ಇರುವುದು 33. ಅಂದರೆ ದೀಪ ಸುಳ್ಳು ಹೇಳಿರಲಿಲ್ಲ. ಗಾಳಿ ನಿಜಕ್ಕೂ ಕಡಿಮೆ ಇತ್ತು.

ಆದರೆ ಎರಡು ವಾರದ ಹಿಂದೆ ಬಂಕ್‌ನಲ್ಲಿ 33 ಹಾಕಿಸಿದ್ದೆನಲ್ಲ, ಐದು ಪಾಯಿಂಟ್ ಎಲ್ಲಿ ಹೋಯಿತು? ಎಲ್ಲೂ ಹೋಗಿಲ್ಲ. ಹಾಕಿಸಿದ್ದು ಮಧ್ಯಾಹ್ನ, ಊರೆಲ್ಲ ಸುತ್ತಿ ಬಂದ ಮೇಲೆ. ಟಯರ್ ಒಳಗಿನ ಗಾಳಿ ಆಗ 45 ಡಿಗ್ರಿಯಾದರೂ ಇರುತ್ತದೆ. ಬಿಸಿ ಸುಮಾರು 7 ಡಿಗ್ರಿ ಇಳಿದರೆ ಪ್ರೆಶರ್ 1 ಪಿಎಸ್‌ಐ ಇಳಿಯುತ್ತದೆ. 45ರಿಂದ 14ಕ್ಕೆ ಬಂದರೆ ನಾಲ್ಕೂವರೆ ಹೋಯಿತು. ಯಾವ ಲೀಕೂ ಇಲ್ಲದ ಟಯರ್ ಕೂಡ ತಿಂಗಳಿಗೆ ಒಂದು ಪಾಯಿಂಟ್‌ನಷ್ಟು ಕಳೆದುಕೊಳ್ಳುತ್ತದೆ. ಲೆಕ್ಕ ಸರಿಹೋಯಿತು. ಸ್ಟಿಕ್ಕರ್‌ನಲ್ಲಿರುವ 33 ತಣ್ಣಗಿರುವ ಟಯರ್‌ನ ಲೆಕ್ಕ, ಅಂದರೆ ಕನಿಷ್ಠ ಮೂರು ಗಂಟೆ ನಿಂತ ಗಾಡಿಯದ್ದು. ನಾವೆಲ್ಲ ಮಾಡುವುದು ಉಲ್ಟಾ. ಪೆಟ್ರೋಲ್ ಹಾಕಿಸಲು ಹೋದಾಗ, ಹೇಗೂ ಬಂದಿದ್ದೀವಲ್ಲ ಎಂದು ಗಾಳಿಯನ್ನೂ ಹಾಕಿಸುತ್ತೇವೆ.

ಇಷ್ಟಕ್ಕೇ ಮುಗಿಯಲಿಲ್ಲ. ಗೇಜಿನಲ್ಲಿ 28 ಇದ್ದಾಗ ಕಾರಿನ ಸ್ಕ್ರೀನ್‌ನಲ್ಲಿ 26 ಇತ್ತು. ಎರಡರಲ್ಲಿ ಯಾವುದು ಸುಳ್ಳು? ಮನೆ ಮುಂದೆ, ತಣ್ಣನೆ ಟಯರ್‌ಗೆ, ಗೇಜು ನೋಡಿಕೊಂಡು ಸರಿಯಾಗಿ 33 ತುಂಬಿಸಿದೆ. ಸ್ಕ್ರೀನ್ 31 ಎಂದಿತು. ಅದೇ ಗೇಜು ತಗೊಂಡು ಮಂಗಳೂರಿಗೆ ಹೋದೆ. ಮರುದಿನ ಬೆಳಿಗ್ಗೆ ಮಾವನ ಮನೆಯ ಅಂಗಳದಲ್ಲಿ ಅಳೆದೆ. ಗೇಜು 33, ಸ್ಕ್ರೀನ್ ಕೂಡ 33! ನಾನು ನೆಲದ ಮೇಲೆ ಮಂಡಿಯೂರಿ ನಗುತ್ತಿರುವುದನ್ನು ಕಂಡು ಮಾವ ಪೇಪರ್ ಕೆಳಗಿಟ್ಟರು. "ಏನಾಯ್ತು ಅಳಿಯಂದ್ರೇ?"

ವಿಷಯ ಹೀಗಿದೆ. ಕೈಯಲ್ಲಿ ಹಿಡಿಯುವ ಗೇಜು, ಹೊರಗಿನ ಗಾಳಿಗಿಂತ ಒಳಗೆ ಎಷ್ಟು ಒತ್ತಡ ಜಾಸ್ತಿ ಇದೆ ಎಂದು ಅಳೆಯುತ್ತದೆ. ಟಯರ್ ಒಳಗೆ ಮುಚ್ಚಿಕೊಂಡು ಕೂತ ಸೆನ್ಸರ್‌ಗೆ ಹೊರಗಿನ ಗಾಳಿ ಗೊತ್ತಾಗುವುದಿಲ್ಲ. ಅದು ಅಳೆಯುವುದು ಒಳಗಿನ ಪೂರ್ತಿ ಒತ್ತಡ. ಅದರಲ್ಲಿ ಹೊರಗಿನದನ್ನು ಕಳೆಯುವುದು ಕಾರಿನ ಕೆಲಸ. ಕೆಲವು ಕಾರುಗಳು ಎಲ್ಲಿ ಹೋದರೂ ಸಮುದ್ರಮಟ್ಟದ ಲೆಕ್ಕ ಹಿಡಿದು 14.7 ಕಳೆದುಬಿಡುತ್ತವೆ. ಮಂಗಳೂರಿಗೆ ಅದು ಸರಿ. ಚಿಕ್ಕಮಗಳೂರು ಇರುವುದು ಸುಮಾರು 1,090 ಮೀಟರ್ ಎತ್ತರದಲ್ಲಿ, ಇಲ್ಲಿ ಹೊರಗಿನ ಒತ್ತಡ 13ಕ್ಕಿಂತ ಸ್ವಲ್ಪ ಕಡಿಮೆ. ಹಾಗಾಗಿ ನನ್ನ ಕಾರು ಊರಿನಲ್ಲಿದ್ದಾಗ ಯಾವಾಗಲೂ ಎರಡು ಪಾಯಿಂಟ್ ಕಡಿಮೆ ತೋರಿಸುತ್ತದೆ. ಬೆಂಗಳೂರಿನಲ್ಲಿ ಒಂದೂವರೆ ವ್ಯತ್ಯಾಸ ಬರುತ್ತದೆ. ಊಟಿಯಲ್ಲಿ ಮೂರೂವರೆ. ದೀಪ ಹತ್ತುವ ಗಡಿ ಸಾಮಾನ್ಯವಾಗಿ ಹೇಳಿದ ಪ್ರೆಶರ್‌ಗಿಂತ 20ರಿಂದ 25 ಶೇಕಡಾ ಕೆಳಗೆ. ನನ್ನದರಲ್ಲಿ 26ರ ಹತ್ತಿರ. ಬಂಕ್‌ನ ಬಿಸಿ ಗಾಳಿ, ಮಲೆನಾಡಿನ ಚಳಿ, ಊರಿನ ಎತ್ತರ ಮೂರೂ ಸೇರಿ ನನ್ನನ್ನು ಆ ಗಡಿಗೆ ತಳ್ಳುತ್ತಿದ್ದವು. ಮೂರು ಸಲ ಸರ್ವಿಸ್ ಸೆಂಟರ್‌ಗೆ ಹೋದರೂ ಯಾರೂ ಈ ಮಾತು ಎತ್ತಿರಲಿಲ್ಲ. ಅವರನ್ನು ಏನು ಬೈಯುವುದು, ಕಾರಿನ ಜೊತೆ ಕೊಟ್ಟ ಪುಸ್ತಕದಲ್ಲೂ ಇಲ್ಲ.

ಈಗ ಮೂರು ವಾರಕ್ಕೊಮ್ಮೆ ಬೆಳಿಗ್ಗೆ ನಾನೇ ಗಾಳಿ ಹಾಕುತ್ತೇನೆ, ಗೇಜಿನ ಲೆಕ್ಕದಲ್ಲಿ 33. ಮಧ್ಯಾಹ್ನ ಕರಾವಳಿಯ ಬಿಸಿಲಿನಲ್ಲಿ ಸ್ಕ್ರೀನ್ 38 ತೋರಿಸುತ್ತದೆ. ತೋರಿಸಲಿ. ಗಾಬರಿಯಾಗಿ ಗಾಳಿ ಬಿಟ್ಟರೆ ಮರುದಿನ ಬೆಳಿಗ್ಗೆ ಮತ್ತೆ ದೀಪ. ಅಂದಹಾಗೆ, ನೈಟ್ರೋಜನ್ ಹಾಕಿಸಿದರೆ ಪ್ರೆಶರ್ ಏರುಪೇರು ಆಗುವುದೇ ಇಲ್ಲ ಎಂದು ದುಡ್ಡು ಕೇಳುತ್ತಾರಲ್ಲ, ಅದನ್ನು ನಂಬಬೇಡಿ. ನಾವು ಉಸಿರಾಡುವ ಗಾಳಿಯಲ್ಲೇ 78 ಶೇಕಡಾ ನೈಟ್ರೋಜನ್ ಇದೆ. ಚಳಿಗೆ ಅದೂ ಕುಗ್ಗುತ್ತದೆ.

ದೀಪ ನಿಜಕ್ಕೂ ಸುಳ್ಳು ಹೇಳಿದ್ದು ಒಂದೇ ಸಲ. ಅದಕ್ಕೂ ಕಾರಣ ನಾನೇ. ಚೆಂದ ಕಾಣುತ್ತದೆ ಎಂದು ವಾಲ್ವ್‌ಗಳಿಗೆ ಲೋಹದ ಹೊಳೆಯುವ ಮುಚ್ಚಳ ಹಾಕಿಸಿದ್ದೆ. ಸೆನ್ಸರ್ ಇರುವ ವಾಲ್ವ್ ಅಲ್ಯೂಮಿನಿಯಂದು. ಎರಡು ಮಳೆಗಾಲದಲ್ಲಿ ಮುಚ್ಚಳ ತುಕ್ಕು ಹಿಡಿದು ಅಂಟಿಕೊಂಡಿತು. ಇಕ್ಕಳ ಹಾಕಿ ತಿರುಗಿಸಿದಾಗ ಮುಚ್ಚಳದ ಜೊತೆ ವಾಲ್ವೇ ಮುರಿದು ಬಂತು. ಸ್ಟೆಪ್ನಿ ಹಾಕಿಕೊಂಡು ಹೊರಟರೆ ಅದರಲ್ಲಿ ಸೆನ್ಸರ್ ಇಲ್ಲ, ಹಾಗಾಗಿ ದೀಪ. ಆದರೆ ಈ ದೀಪದ ನಡತೆಯೇ ಬೇರೆ. ಕೀಲಿ ತಿರುಗಿಸಿದ ಮೇಲೆ ಒಂದು ನಿಮಿಷದಷ್ಟು ಮಿಣುಕುತ್ತದೆ, ಆಮೇಲೆ ನಿಂತು ಉರಿಯುತ್ತದೆ. ನಂಬರ್ ಜಾಗದಲ್ಲಿ ಎರಡು ಗೆರೆ. ಮಿಣುಕದೆ ಹತ್ತಿದರೆ ಗಾಳಿಯ ತೊಂದರೆ, ಮಿಣುಕಿ ನಿಂತರೆ ಸೆನ್ಸರ್‌ನದು. ಈ ಒಂದು ಗುರುತು ಮೊದಲೇ ಗೊತ್ತಿದ್ದರೆ ಆ ಮೂರು ಓಡಾಟ ಉಳಿಯುತ್ತಿತ್ತು. ಹೊಸ ಸೆನ್ಸರ್‌ಗೆ 3,200 ರೂಪಾಯಿ ಆಯಿತು. ಈಗ ನಾಲ್ಕಕ್ಕೂ ಕಪ್ಪು ಪ್ಲಾಸ್ಟಿಕ್ ಮುಚ್ಚಳ.

ಭಾವಮೈದುನನ ಕಾರಿನಲ್ಲೂ ಇದೇ ದೀಪ ಇದೆ, ಆದರೆ ನಂಬರ್ ತೋರಿಸುವುದಿಲ್ಲ. ಅದರ ಚಕ್ರದಲ್ಲಿ ಸೆನ್ಸರೇ ಇಲ್ಲ. ಗಾಳಿ ಇಳಿದ ಚಕ್ರ ಚಿಕ್ಕದಾಗುತ್ತದೆ, ಉಳಿದವುಗಳಿಗಿಂತ ಜಾಸ್ತಿ ಸುತ್ತು ಸುತ್ತುತ್ತದೆ. ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಜಾಮ್ ಆಗದಂತೆ ನೋಡಿಕೊಳ್ಳುವ ಎಬಿಎಸ್‌ಗೆ ಹೇಗೂ ಸುತ್ತು ಎಣಿಸುವ ಏರ್ಪಾಡಿದೆ, ಅದರಿಂದಲೇ ಕಾರು ಊಹೆ ಮಾಡುತ್ತದೆ. ಕಡಿಮೆ ಖರ್ಚು, ಸೆನ್ಸರ್ ಒಳಗಿನ ಬ್ಯಾಟರಿ ಸಾಯುವ ಭಯವೂ ಇಲ್ಲ. ಆದರೆ ಗಾಳಿ ಹಾಕಿಸಿದ ಮೇಲೆ, ಟಯರ್ ಬದಲಾಯಿಸಿದ ಮೇಲೆ ರಿಸೆಟ್ ಒತ್ತಲೇಬೇಕು. ಅವನು ಒತ್ತುತ್ತಿರಲಿಲ್ಲ, ದೀಪ ಆರುತ್ತಿರಲಿಲ್ಲ. ನಾನು ಹೇಳಿದ ಮೇಲೆ ದೀಪ ಹತ್ತಿದಾಗಲೆಲ್ಲ ಗಾಳಿ ನೋಡದೆ ರಿಸೆಟ್ ಒತ್ತಲು ಶುರುಮಾಡಿದ! ಅದು ಇನ್ನೂ ಅಪಾಯ. ಇಳಿದ ಗಾಳಿಯನ್ನೇ ಸರಿ ಎಂದು ಕಾರಿಗೆ ಕಲಿಸಿದ ಹಾಗೆ. ನಾಲ್ಕೂ ಟಯರ್ ಒಟ್ಟಿಗೆ ಇಳಿದರಂತೂ ಈ ಬಗೆಯದಕ್ಕೆ ಸುಲಭವಾಗಿ ಗೊತ್ತಾಗುವುದಿಲ್ಲ.

ಇದಕ್ಕೋಸ್ಕರ ಮೇಲಿನ ವೇರಿಯೆಂಟ್ ತಗೊಳ್ಳಬೇಕಾ ಎಂದು ಕೇಳಿದರೆ, ಘಾಟಿ ಓಡಾಟ ಇರುವವರಿಗೆ ಹೌದು ಎನ್ನುತ್ತೇನೆ. ನಂಬರ್ ತೋರಿಸುವುದನ್ನೇ ತಗೊಳ್ಳಿ. ಊರೊಳಗೇ ಓಡಿಸುವವರಿಗೆ ಒಂದು ಒಳ್ಳೆಯ ಗೇಜು ಸಾಕು. ಅಮೆರಿಕದಲ್ಲಿ 2008ರ ಮಾಡೆಲ್‌ನಿಂದ, ಯುರೋಪಿನಲ್ಲಿ 2014ರಿಂದ ಟಯರ್ ಪ್ರೆಶರ್ ವಾರ್ನಿಂಗ್ ಹೊಸ ಕಾರುಗಳಿಗೆಲ್ಲ ಕಡ್ಡಾಯ. ನಮ್ಮಲ್ಲಿ 2020ರ ನಿಯಮದ ಪ್ರಕಾರ ಈ ವ್ಯವಸ್ಥೆಯೂ ಪಂಚರ್ ಕಿಟ್ಟೂ ಇದ್ದರೆ ಸ್ಟೆಪ್ನಿ ಕೊಡದಿದ್ದರೂ ನಡೆಯುತ್ತದೆ. ಹೊಸ ಕಾರು ನೋಡಲು ಹೋದಾಗ ಡಿಕ್ಕಿಯ ತಳ ಎತ್ತಿ ನೋಡಿ. ಚಾರ್ಮಾಡಿಯಲ್ಲಿ ರಾತ್ರಿ ಹತ್ತಕ್ಕೆ ಟಯರ್ ಪಕ್ಕದಲ್ಲಿ ಹರಿದರೆ ಕಿಟ್ಟಿನಿಂದ ಏನೂ ಆಗುವುದಿಲ್ಲ.

ಇನ್ನೊಂದು ಖರ್ಚು ಮುಂದಿದೆ. ಸೆನ್ಸರ್ ಬ್ಯಾಟರಿ ಐದರಿಂದ ಹತ್ತು ವರ್ಷ ಬರುತ್ತದೆ, ಮುಗಿದರೆ ಸಾಮಾನ್ಯವಾಗಿ ಇಡೀ ಸೆನ್ಸರೇ ಹೊಸದು. ಎರಡನೇ ಸೆಟ್ ಟಯರ್ ಹಾಕಿಸುವಾಗ ಅವನ್ನೂ ಬದಲಾಯಿಸುವುದು ಎಂದು ಯೋಚಿಸಿದ್ದೇನೆ, ಹೇಗೂ ಟಯರ್ ಬಿಚ್ಚಿರುತ್ತಾರಲ್ಲ.

ಈ ಚಳಿಗಾಲದಲ್ಲಿ ದೀಪ ಒಮ್ಮೆಯೂ ಹತ್ತಿಲ್ಲ. ಹಿಂದಿನ ಬಲಗಡೆಯದು ಮಾತ್ರ ಉಳಿದವುಗಳಿಗಿಂತ ಒಂದು ಪಾಯಿಂಟ್ ಜಾಸ್ತಿ ತೋರಿಸುತ್ತಿದೆ. ಗೇಜಿನಲ್ಲಿ ನಾಲ್ಕೂ ಒಂದೇ. ಸರ್ವಿಸ್ ಸೆಂಟರ್‌ನಲ್ಲಿ ಇನ್ನೂ ಹೇಳಿಲ್ಲ, ಹೇಳುವುದೂ ಇಲ್ಲ.