ಟ್ಯಾಬ್ಲೆಟ್‌ನಲ್ಲಿ ಕನ್ನಡ ಬರೆಯಲು ನಾನು ಬಳಸಿ ನೋಡಿದ ನಾಲ್ಕು ವಿಧಾನಗಳು

ದೊಡ್ಡ ಪರದೆ ಇದ್ದರೆ ಕಣ್ಣಿಗೆ ಹಿತವೆಂದು ಮೂರು ತಿಂಗಳ ಹಿಂದೆ ಒಂದು ಆಂಡ್ರಾಯ್ಡ್ ಟ್ಯಾಬ್ಲೆಟ್ ಕೊಂಡೆ. ಓದುವುದು, ವಿಡಿಯೊ ಕರೆ ಮಾಡುವುದು ಎರಡೇ ದಿನಗಳಲ್ಲಿ ರೂಢಿಯಾದವು. ಕನ್ನಡ ಬರೆಯುವುದು ಮಾತ್ರ ಕೈಗೆ ಹತ್ತಲಿಲ್ಲ. ನಮ್ಮ ಬಡಾವಣೆಯ ನಿವಾಸಿಗಳ ಸಂಘದ ನಡಾವಳಿಯನ್ನೂ ಸೂಚನೆಗಳನ್ನೂ ಬರೆಯುವ ಹೊಣೆ ನನ್ನದಾಗಿರುವುದರಿಂದ ನನಗೆ ಬೇಕಾದದ್ದೇ ಅದು. ಕಚೇರಿಯಲ್ಲಿ ವರ್ಷಗಟ್ಟಲೆ ‘ನುಡಿ’ ಎಂಬ ಕನ್ನಡ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿದ ನಾನು ಕೊನೆಗೆ ನೆಲೆ ನಿಂತದ್ದೂ ಅದರ ಕೀಲಿಮಣೆಯ ವಿನ್ಯಾಸದಲ್ಲಿಯೇ.

ಮೊದಲು ಬಳಸಿದ್ದು ಟ್ಯಾಬ್ಲೆಟ್‌ನೊಂದಿಗೇ ಬಂದ ಲಿಪ್ಯಂತರದ ಕೀಲಿಮಣೆ. ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡ ಪದ ಮೂಡುತ್ತದೆ. ಮನೆಯ ಮಕ್ಕಳು ಬಳಸುವುದೂ ಅದನ್ನೇ. ಮೊದಲ ವಾರ ಅದರ ವೇಗ ಕಂಡು ಸಂತೋಷಪಟ್ಟೆ. ಆಮೇಲೆ ಒಂದು ದಿನ, ‘ನೀರಿನ ತೊಟ್ಟಿಯ ಬಳಿ ವಾಹನ ನಿಲ್ಲಿಸಬಾರದು’ ಎಂದು ನಾನು ಬರೆದ ಸೂಚನೆ ‘ತೊಟ್ಟಿಯ ಬಲಿ’ ಎಂದಾಗಿ ಸದಸ್ಯರೆಲ್ಲರ ವಾಟ್ಸ್ಆ್ಯಪ್ ಗುಂಪಿಗೆ ಹೋಯಿತು. ಹಿರಿಯ ಸದಸ್ಯರೊಬ್ಬರು ಫೋನ್ ಮಾಡಿ ಹೇಳಿದಾಗ ನಿಜವಾಗಿಯೂ ನೋವಾಯಿತು.

ಅಲ್ಲಿಂದ ಮುಂದೆ ಗಮನವಿಟ್ಟು ನೋಡತೊಡಗಿದೆ. ಲ ಮತ್ತು ಳ, ನ ಮತ್ತು ಣ, ಹ್ರಸ್ವ ಮತ್ತು ದೀರ್ಘ, ಇವುಗಳ ಭೇದವನ್ನು ನಾವು ಒತ್ತುವ ಇಂಗ್ಲಿಷ್ ಅಕ್ಷರಗಳು ಹೇಳುವುದೇ ಇಲ್ಲ. ಕೀಲಿಮಣೆ ಊಹಿಸುತ್ತದೆ, ನಾವು ಮೇಲಿನ ಸಾಲಿನಲ್ಲಿ ಬರುವ ಪದಗಳಿಂದ ಸರಿಯಾದದ್ದನ್ನು ಆರಿಸಬೇಕು. ‘ಹಳ್ಳಿ’ ಎಂದರೆ ‘ಹಲ್ಲಿ’ಯೂ ಬಂದು ಕೂರುತ್ತದೆ. ಒಮ್ಮೆ ಅವಸರದಲ್ಲಿ ತಪ್ಪು ಪದವನ್ನು ಮುಟ್ಟಿದರೆ ಮರುದಿನ ಅದೇ ಮೊದಲಿಗೆ ಬರುವುದನ್ನೂ ಕಂಡೆ. ಒಂದು ಪುಟ ಬರೆದು ಮುಗಿಸುವುದಕ್ಕಿಂತ ಅದನ್ನು ತಿದ್ದುವುದಕ್ಕೇ ಹೆಚ್ಚು ಹೊತ್ತು ಬೇಕಾಗುತ್ತಿತ್ತು.

ಧ್ವನಿಯ ಮೂಲಕ ಬರೆಯುವುದು ಸಣ್ಣ ಉತ್ತರಗಳಿಗೆ ಅನುಕೂಲ. ನಡಾವಳಿಯ ಗ್ರಾಂಥಿಕ ವಾಕ್ಯಗಳನ್ನು ಮನೆಯವರೆಲ್ಲರ ನಡುವೆ ಗಟ್ಟಿಯಾಗಿ ಹೇಳುತ್ತಾ ಕೂರುವುದು ನನಗೆ ಒಗ್ಗಲಿಲ್ಲ.

ಬೆರಳಿನಿಂದ ಪರದೆಯ ಮೇಲೆ ಬರೆಯುವುದು ಮನಸ್ಸಿಗೆ ಹಿತವಾಗಿತ್ತು, ಒತ್ತಕ್ಷರಗಳೂ ಚೆನ್ನಾಗಿಯೇ ಮೂಡಿದವು. ಆದರೆ ದ ಅಕ್ಷರದಿಂದ ಧ ಅಕ್ಷರವನ್ನು ಬೇರ್ಪಡಿಸುವ ಸಣ್ಣ ಸೀಳನ್ನು ನನ್ನ ಬೆರಳು ಸ್ಪಷ್ಟವಾಗಿ ಮೂಡಿಸಲಾರದು.

ಕೆ. ಪಿ. ರಾವ್ ಅವರು ರೂಪಿಸಿದ, ಸರ್ಕಾರ ಒಪ್ಪಿದ, ಕನ್ನಡ ಗಣಕ ಪರಿಷತ್ತಿನ ‘ನುಡಿ’ಯ ಮೂಲಕ ಕಚೇರಿಗಳನ್ನು ತಲುಪಿದ ವಿನ್ಯಾಸ ಇರುವ ಉಚಿತ ಆಪ್ ಒಂದನ್ನು ಕೊನೆಗೆ ಹಾಕಿಕೊಂಡೆ. ಇಲ್ಲಿ ಊಹೆಯಿಲ್ಲ. ಸಣ್ಣ ಎಲ್ ಒತ್ತಿದರೆ ಲ, ದೊಡ್ಡ ಎಲ್ ಒತ್ತಿದರೆ ಳ, ಅರ್ಧಾಕ್ಷರಕ್ಕೆ ಎಫ್. ಕೆ, ಎನ್, ಎಫ್, ಎನ್, ಡಬ್ಲ್ಯು ಎಂದು ಐದು ಸಲ ಮುಟ್ಟಿದರೆ ‘ಕನ್ನಡ’ ಎಂದೇ ಬರುತ್ತದೆ, ಬೇರೇನೂ ಬರುವುದಿಲ್ಲ. ಕಂಪ್ಯೂಟರಿನಲ್ಲಿ ಕಿರುಬೆರಳಿನಿಂದ ಒತ್ತಿ ಹಿಡಿಯುತ್ತಿದ್ದ ಶಿಫ್ಟ್ ಕೀಲಿಯನ್ನು ಇಲ್ಲಿ ಪ್ರತಿಸಲ ಬೇರೆಯಾಗಿ ಮುಟ್ಟಬೇಕಾದದ್ದರಿಂದ ಹೊಂದಿಕೊಳ್ಳಲು ಸುಮಾರು ಹತ್ತು ದಿನ ಹಿಡಿಯಿತು. ಹೊರಗಿನ ಕೀಲಿಮಣೆ ಆಪ್ ಸೇರಿಸುವಾಗ, ನೀವು ಬರೆಯುವುದನ್ನು ಅದು ಸಂಗ್ರಹಿಸಬಹುದು ಎಂಬ ಎಚ್ಚರಿಕೆ ಪರದೆಯ ಮೇಲೆ ಬರುತ್ತದೆ. ಆದ್ದರಿಂದ ಬ್ಯಾಂಕಿನ ಗುಪ್ತಪದ ಬರೆಯುವಾಗ ನಾನು ಹಳೆಯ ಕೀಲಿಮಣೆಗೇ ಬದಲಾಯಿಸಿಕೊಳ್ಳುತ್ತೇನೆ.

‘ನುಡಿ’ಯ ಅಭ್ಯಾಸವೇ ಇಲ್ಲದವರಿಗೆ, ದಿನಕ್ಕೆ ನಾಲ್ಕು ಸಾಲು ಬರೆಯುವವರಿಗೆ, ಲಿಪ್ಯಂತರವೇ ಸಾಕಾಗಬಹುದು. ಬ್ಲೂಟೂತ್ ಕೀಲಿಮಣೆಗೆಂದು ತೆಗೆದಿರಿಸಿದ್ದ 1,500 ರೂಪಾಯಿ ನನ್ನಲ್ಲಿಯೇ ಉಳಿಯಿತು, ಕಳೆದ ಎರಡು ಸಭೆಗಳ ನಡಾವಳಿಯನ್ನು ಈ ವಿನ್ಯಾಸದಲ್ಲಿಯೇ ಬರೆದು ಕಳುಹಿಸಿದ್ದೇನೆ.