ಗೋಡೆಯೊಳಗೆ ಬಚ್ಚಿಟ್ಟ ಬಾಗಿಲು: ಮನೆ ನಕ್ಷೆ ಮಾಡಿಕೊಟ್ಟವರ ಬಗ್ಗೆ ನಾಲ್ಕು ಮಾತು

ಮೊದಲೇ ಹೇಳಿಬಿಡುತ್ತೇನೆ, ಇವರಿಗೆ ಕೊಟ್ಟ ದುಡ್ಡು ದಂಡ ಆಗಿಲ್ಲ. ಆದರೆ ಮಳೆಯ ವಿಷಯದಲ್ಲಿ ಅವರು ಹೇಳಿದ್ದಕ್ಕೆಲ್ಲ ಹೂಂ ಅಂದಿದ್ದರೆ ಇವತ್ತು ಹಾಲ್‌ನಲ್ಲಿ ಬಕೆಟ್ ಇಟ್ಟುಕೊಂಡು ಕೂರಬೇಕಿತ್ತು. ಹೊಗಳಿಕೆ, ದೂರು ಎರಡೂ ಇರುವುದರಿಂದ ಹೆಸರು ಹಾಕುತ್ತಿಲ್ಲ. ಶಿವಮೊಗ್ಗದಲ್ಲೇ ಇರುವ ಸಣ್ಣ ಕಚೇರಿ. ಕುಟುಂಬದ ಅಗತ್ಯ ಬದಲಾದ ಹಾಗೆ ಬದಲಾಗುವ ಮನೆ ಕಟ್ಟಿಕೊಡುತ್ತೇವೆ ಅನ್ನುವುದು ಅವರ ಮಾತು. ಆ ಮಾತು ಎಷ್ಟು ನಿಜ ಅಂತ ಹೇಳುವುದಕ್ಕೆ ನಾವು ಅಲ್ಲಿ ವಾಸ ಮಾಡಿ, ಮಳೆಗಾಲ ಕಳೆದು, ಒಂದು ಬದಲಾವಣೆಯನ್ನೂ ಮಾಡಿ ನೋಡಿದ ಮೇಲೆ ಬರೆಯುತ್ತಿದ್ದೇನೆ.

ನಮ್ಮದು ಸಾಗರ ರಸ್ತೆ ಕಡೆ 40-60 ಸೈಟು. ಮನೆಯಲ್ಲಿ ಅತ್ತೆ, ನಾವಿಬ್ಬರು, ಪಿಯುಸಿ ಓದುವ ಮಗಳು. ಮಗ ಬೆಂಗಳೂರಿನಲ್ಲಿ. ಅವನು ಊರಿಗೆ ಬರುತ್ತಾನೋ ಇಲ್ಲವೋ ಅವನಿಗೇ ಗೊತ್ತಿಲ್ಲ. ಬಂದರೆ ಬೇರೆ ಒಲೆ ಹೂಡುವ ಹಾಗಿರಬೇಕು, ಬಾರದಿದ್ದರೆ ಮಹಡಿ ಬಾಡಿಗೆಗೆ ಹೋಗಬೇಕು. ಅತ್ತೆಗೆ ಮಂಡಿ ನೋವು. ನಾವೂ ಏನು ಚಿಕ್ಕವರಾಗುತ್ತಾ ಹೋಗಲ್ಲ ಅಲ್ವಾ.

ಅತ್ತೆಯ ತವರು ತೀರ್ಥಹಳ್ಳಿ ಕಡೆ. ಅಲ್ಲಿನ ಮನೆಗೆ ನಕ್ಷೆಯೇ ಇರಲಿಲ್ಲ. ಜನ ಜಾಸ್ತಿಯಾದರೆ ಮಾಡು ಇಳಿಸಿ ಒಂದು ಕೈಸಾಲೆ ಕಟ್ಟುತ್ತಿದ್ದರು. ಅಡಿಕೆ ಕೊಯ್ಲಿನಲ್ಲಿ ಜಗಲಿಯೇ ಅಡಿಕೆ ಸುಲಿಯುವ ಜಾಗ, ಮದುವೆ ಬಂದರೆ ಅಂಗಳಕ್ಕೆ ಚಪ್ಪರ. ಹಿತ್ತಿಲು ದೊಡ್ಡದಿದ್ದವರಿಗೆ ಅದೆಲ್ಲ ಸಲೀಸು. ಪೇಟೆಯ ಸೈಟಿನಲ್ಲಿ ಪಕ್ಕಕ್ಕೆ ಒಂದಡಿ ಹೋದರೂ ಪಕ್ಕದ ಮನೆಯವರ ಕಾಂಪೌಂಡು. ಹಾಗಾಗಿ ಮುಂದೆ ಆಗಬೇಕಾದ್ದನ್ನು ಈಗಲೇ ಗೋಡೆಯೊಳಗೆ ಇಟ್ಟಿರಬೇಕು. ಈ ಕಚೇರಿಯವರು ಚೆನ್ನಾಗಿ ಮಾಡಿದ್ದು ಅದನ್ನೇ.

ಮೊದಲ ಭೇಟಿಯಲ್ಲಿ ಯಾವ ಚಿತ್ರವನ್ನೂ ತೋರಿಸಲಿಲ್ಲ. ಒಂದು ಹಾಳೆ ಕೊಟ್ಟರು. ಮನೆಯ ಪ್ರತಿಯೊಬ್ಬರ ವಯಸ್ಸು ಈಗ, ಹತ್ತು ವರ್ಷಕ್ಕೆ, ಇಪ್ಪತ್ತು ವರ್ಷಕ್ಕೆ. ಆಗ ಯಾರು ಎಲ್ಲಿ ಮಲಗಬಹುದು ಅಂತ ತುಂಬಬೇಕು. ಅತ್ತೆ ಹಾಳೆ ನೋಡಿ, "ಇಪ್ಪತ್ತು ವರ್ಷಕ್ಕೆ ನಾನು ಗೋಡೆ ಮೇಲೆ ಫೋಟೋದಲ್ಲಿರ್ತೀನಿ, ಅಲ್ಲೊಂದು ಮೊಳೆ ಹೊಡೆಯೋಕೆ ಜಾಗ ಇಟ್ಟರೆ ಸಾಕು ಮಾರಾಯ್ತಿ" ಅಂದರು. ಹಾಳೆ ಕೊಟ್ಟ ಕಚೇರಿಯ ಹುಡುಗಿ ನಗುತ್ತಲೇ ಅದನ್ನೂ ಬರೆದುಕೊಂಡಳು. ನನಗೆ ಅಲ್ಲೇ ಇವರ ಮೇಲೆ ಒಂದು ನಂಬಿಕೆ ಬಂತು.

ಈಗ ಗೋಡೆಯ ವಿಷಯ. ಜಂಬಿಟ್ಟಿಗೆ ಕಲ್ಲಿನ ಗೋಡೆಯೇ ಮಾಡಿನ ಭಾರ ಹೊರುವ ಮನೆಯಾದರೆ ನಡುವಿನ ಗೋಡೆ ಒಡೆಯುವ ಮಾತೇ ಇಲ್ಲ. ಒಡೆದರೆ ಮೇಲಿನದ್ದು ಕೆಳಗೆ ಬರುತ್ತದೆ. ಅದಕ್ಕೆ ಇಲ್ಲಿ ಭಾರವೆಲ್ಲ ಪಿಲ್ಲರ್ ಮತ್ತು ಬೀಮಿನ ಮೇಲೆ. ಜಂಬಿಟ್ಟಿಗೆ ಹೊರಗೋಡೆಗೆ ಮಾತ್ರ. ಒಳಗೆ ಹಾಲ್‌ಗೂ ಮುಂದಿನ ರೂಮಿಗೂ ನಡುವೆ ಇರುವುದು ನಾಲ್ಕು ಇಂಚಿನ ಬ್ಲಾಕ್ ಗೋಡೆ. ಅದರಲ್ಲಿ ಒಂದು ವೈರ್ ಇಲ್ಲ, ಒಂದು ಪೈಪ್ ಇಲ್ಲ. ಸ್ವಿಚ್ ಬೋರ್ಡುಗಳೆಲ್ಲ ಎದುರು ಗೋಡೆಯಲ್ಲಿ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನೆಲಕ್ಕೆ ಟೈಲ್ಸ್ ಪೂರ್ತಿ ಹಾಕಿ ಆಮೇಲೆ ಅದರ ಮೇಲೆ ಆ ಗೋಡೆ ಎಬ್ಬಿಸಿದ್ದಾರೆ. ನಾಳೆ ಗೋಡೆ ತೆಗೆದರೆ ನೆಲಕ್ಕೆ ತೇಪೆ ಹಾಕುವ ಕೆಲಸ ಇಲ್ಲ.

ಇದೇ ರೂಮಿಗೂ ಪಕ್ಕದ ಬಚ್ಚಲಿಗೂ ನಡುವೆ ಒಂದು ಬಾಗಿಲು ಬಚ್ಚಿಟ್ಟಿದ್ದರು. ಅಂದರೆ ಬಾಗಿಲಿಗೆ ಬೇಕಾದ ಲಿಂಟಲ್, ಅಂದರೆ ಬಾಗಿಲ ಮೇಲಿನ ಗೋಡೆಯ ಭಾರ ಹೊರುವ ಕಾಂಕ್ರೀಟ್ ಪಟ್ಟಿ, ಹಾಕಿ, ಕೆಳಗೆ ಮೂರೂವರೆ ಅಡಿ ಅಗಲಕ್ಕೆ ಬ್ಲಾಕ್ ತುಂಬಿಸಿ ಗಾರೆ ಮಾಡಿದ್ದು. ಕಟ್ಟುವಾಗ ಮೇಸ್ತ್ರಿಗೆ ತಲೆ ಕೆಟ್ಟುಹೋಗಿತ್ತು. "ಅಕ್ಕಾ, ಬಾಗಿಲೇ ಇಲ್ಲ, ಲಿಂಟಲ್ ಯಾಕೆ? ಸುಮ್ನೆ ಕಬ್ಬಿಣ ದಂಡ" ಅಂತ ದಿನಾ ಗೊಣಗು. ಅತ್ತೆಯ ಮಂಡಿ ಆಪರೇಷನ್ ಆದ ಮೇಲೆ ಆ ರೂಮೇ ಅವರ ರೂಮಾಯಿತು. ಅದೇ ಮೇಸ್ತ್ರಿ ಬಂದು ತುಂಬಿದ ಬ್ಲಾಕ್ ಕಳಚಿದ. ಬೀಮು ಒಡೆಯಲಿಲ್ಲ, ಗೋಡೆ ಬಿರುಕು ಬಿಡಲಿಲ್ಲ, ಸಂಜೆಯೊಳಗೆ ದಾರಿ ಆಗಿತ್ತು. ಗಾಲಿಕುರ್ಚಿ ಸಲೀಸಾಗಿ ಹೋಗುವುದಕ್ಕೆ ಬಾಗಿಲಲ್ಲಿ ಸುಮಾರು 900 ಮಿ.ಮೀ. ಜಾಗ, ತಿರುಗುವುದಕ್ಕೆ ಐದಡಿ ಅಡ್ಡಗಲ ಬೇಕು. ಎರಡೂ ಅಲ್ಲಿ ಸಿಕ್ಕಿತು. ಬಚ್ಚಲಿನ ನೆಲವನ್ನು ತಗ್ಗಿಸಿಲ್ಲ, ಹೊಸ್ತಿಲೂ ಇಲ್ಲ. ಮೂಲೆಯ ಕಡೆ ಇಳಿಜಾರು ಕೊಟ್ಟು ಉದ್ದ ಜಾಲರಿಯಲ್ಲಿ ನೀರು ಹೋಗುವ ಹಾಗೆ ಮಾಡಿದ್ದಾರೆ. ಕಮೋಡಿನ ಪಕ್ಕ ಹಿಡಿಕೆ ಹಾಕುವ ಜಾಗದಲ್ಲಿ ಮಾತ್ರ ಗಟ್ಟಿ ಬ್ಲಾಕ್ ಕೂರಿಸಿದ್ದರು. ಹಾಲೋ ಬ್ಲಾಕಿಗೆ ಹಿಡಿಕೆ ಹಾಕಿದರೆ ಮನುಷ್ಯನ ಭಾರಕ್ಕೆ ಸ್ಕ್ರೂ ಕಿತ್ತು ಬರುತ್ತದೆ. ಟೈಲ್ಸ್ ಹಿಂದೆ ಇರುವ ಇಂಥ ವಿಷಯ ಯಾರ ಕಣ್ಣಿಗೂ ಬೀಳಲ್ಲ. ಕೈ ಹಿಡಿದು ಏಳುವ ಅತ್ತೆಗೆ ಗೊತ್ತು.

ಮುಂಬಾಗಿಲಿನ ಹೊಸ್ತಿಲು ಬೇಡ ಅಂದಾಗ ಮಾತ್ರ ಮನೆಯಲ್ಲಿ ಗಲಾಟೆ. ಹೊಸ್ತಿಲಿಗೆ ಅರಿಶಿನ ಕುಂಕುಮ ಹಚ್ಚದೆ ದಿನ ಶುರು ಮಾಡುವುದು ಹೇಗೆ? ಕೊನೆಗೆ ಮುಂಬಾಗಿಲಿಗೆ ಹೊಸ್ತಿಲು ಇಟ್ಟರು, ಜಗಲಿ ಪಕ್ಕದ ಬಾಗಿಲಿಗೆ ಇಡಲಿಲ್ಲ. ಮುಂದೆ ರ‍್ಯಾಂಪ್ ಬರುವುದು ಆ ಪಕ್ಕದ ಬಾಗಿಲಿಗೆ. ಇಳಿಜಾರು ಹನ್ನೆರಡಕ್ಕೆ ಒಂದು ಅಂತ ಲೆಕ್ಕ. ನಮ್ಮ ತಳಪಾಯ ನೆಲದಿಂದ ಎರಡಡಿ ಎತ್ತರ, ಅಂದರೆ 24 ಅಡಿ ಉದ್ದ ಬೇಕು. ಇಷ್ಟು ಜಾಗ ಆಮೇಲೆ ಹುಡುಕಿದರೆ ಸಿಗುತ್ತದೆಯೇ? ಈಗ ಅಲ್ಲಿ ಬರೀ ಹೂವಿನ ಗಿಡ. ಅಲ್ಲಿ ಸಂಪ್ ತೋಡಬಾರದು, ಪಿಟ್ ತೋಡಬಾರದು ಅಂತ ನಕ್ಷೆಯಲ್ಲೇ ಕೆಂಪು ಗೆರೆ ಎಳೆದಿದ್ದಾರೆ.

ಮಹಡಿಯ ವ್ಯವಸ್ಥೆ ಸರಳ. ಮೆಟ್ಟಿಲು ಜಗಲಿಯ ಹತ್ತಿರವೇ ಇದೆ. ಒಂದು ಬಾಗಿಲು ಹಾಕಿದರೆ ಮೇಲಿನದು ಬೇರೆ ಮನೆ. ಅಡುಗೆಮನೆಯ ನೀರು, ಸಿಂಕಿನ ಪೈಪ್ ಎಲ್ಲ ತಂದು ಮುಚ್ಚಳ ಹಾಕಿ ಬಿಟ್ಟಿದ್ದಾರೆ. ಮೆಸ್ಕಾಂನ ಎರಡನೇ ಮೀಟರಿಗೆ ಜಾಗ, ವೈರಿಂಗ್ ಬೇರೆಯೇ.

ಲಿಫ್ಟ್ ಬಗ್ಗೆ ನನಗೆ ಮೊದಲು ನಗು ಬಂದಿತ್ತು. ಕೆಳಗೂ ಮೇಲೂ ಒಂದರ ಮೇಲೊಂದು ಬರುವ ಹಾಗೆ ಐದಡಿ ಚೌಕದ ಸ್ಟೋರ್ ರೂಂ ಇಟ್ಟರು. ನಡುವಿನ ಸ್ಲ್ಯಾಬ್ ಸುತ್ತ ಬೀಮು ಕೊಟ್ಟಿದ್ದಾರೆ, ಬೇಕಾದಾಗ ಅಷ್ಟನ್ನೇ ಒಡೆದು ಲಿಫ್ಟ್ ಇಳಿಸಬಹುದಂತೆ. ಲಿಫ್ಟ್ ಬರುತ್ತೋ ಇಲ್ಲವೋ, ಈಗಂತೂ ಕೆಳಗಿನದರಲ್ಲಿ ಅಪ್ಪೆಮಿಡಿ ಜಾಡಿ, ಹಲಸಿನ ಹಪ್ಪಳದ ಡಬ್ಬ. ಮೇಲಿನದರಲ್ಲಿ ಮಗಳ ಹಳೇ ಪುಸ್ತಕ. ಮನೆಯಲ್ಲಿ ಖಾಲಿ ಉಳಿದ ಸ್ಟೋರ್ ರೂಂ ಯಾರಾದರೂ ನೋಡಿದ್ದೀರಾ?

ಇನ್ನು ದೂರು. ಇವರಿಗೆ ಮನುಷ್ಯರು ಅರ್ಥವಾಗುತ್ತಾರೆ, ಮಳೆ ಅಷ್ಟು ಅರ್ಥವಾಗಲ್ಲ. ಮೊದಲ ಚಿತ್ರದಲ್ಲಿ ಬಂದದ್ದು ಬೆಂಗಳೂರಿನ ಮನೆ. ಚಪ್ಪಟೆ ಸ್ಲ್ಯಾಬ್, ಕಿಟಕಿಗೆ ಸಜ್ಜಾ ಇಲ್ಲ, ಪಶ್ಚಿಮಕ್ಕೆ ದೊಡ್ಡ ಗಾಜು. ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 7,000 ಮಿ.ಮೀ. ಮಳೆ ಬರುತ್ತದೆ, ಪೇಟೆಗೆ ಅಷ್ಟೆಲ್ಲ ಬರಲ್ಲ, ನಿಜ. ಆದರೆ ಜುಲೈನಲ್ಲಿ ಗಾಳಿ ಪಶ್ಚಿಮದಿಂದಲೇ ಅಲ್ವಾ, ಇರಚಲು ಬಂದು ಹೊಡೆಯುವುದು ಆ ಗಾಜಿಗೇ. ಹಟ ಹಿಡಿದು ಮೂರಡಿ ಸಜ್ಜಾ ಹಾಕಿಸಿದೆವು. ಮೇಲೆ ಶೀಟಿನ ಮಾಡು ಬೇಕು ಅಂದಾಗ ಕಚೇರಿಯವರ ಮುಖ ಸಪ್ಪಗಾಯಿತು. ಮನೆಯ ಅಂದ ಕೆಡುತ್ತದೆ ಅಂತ. ಮಳೆಗಾಲದಲ್ಲಿ ನಾಲ್ಕು ಜನರ ಬಟ್ಟೆ ಎಲ್ಲಿ ಒಣಗಿಸುವುದು ಅಂದರೆ ಉತ್ತರ ಇರಲಿಲ್ಲ. ಕೊನೆಗೆ ಮೇಸ್ತ್ರಿಯೇ ಉಪಾಯ ಹೇಳಿದ: ಶೀಟು ಹೊರುವ ಕಬ್ಬಿಣದ ಚೌಕಟ್ಟಿಗೆ (ಟ್ರಸ್) ವೆಲ್ಡಿಂಗ್ ಬೇಡ, ನಟ್ಟು ಬೋಲ್ಟಿನಲ್ಲಿ ಕೂರಿಸೋಣ, ಮುಂದೆ ಇನ್ನೊಂದು ಮಹಡಿ ಎಬ್ಬಿಸಿದರೆ ಬಿಚ್ಚಿ ಮೇಲೆ ಕೂರಿಸಬಹುದು. ಮುಂದಿನ ಮಹಡಿಗೆ ಅಂತ ಬಿಟ್ಟ ಪಿಲ್ಲರ್ ಕಂಬಿಗಳಿಗೆ ತೆಳು ಕಾಂಕ್ರೀಟ್ ಹೊದಿಸಿದ್ದೂ ಅವನೇ. ಸುಮ್ಮನೆ ಬಿಟ್ಟರೆ ನಮ್ಮ ಮಳೆಗೆ ಕಂಬಿ ತುಕ್ಕು ತಿಂದು, ಬೇಕಾದಾಗ ಕೆಲಸಕ್ಕೆ ಬಾರದು. ಬದಲಾಗುವ ಮನೆ ಮಾಡುವವರಿಗೆ ಇದು ಮೊದಲು ಹೊಳೆಯಬೇಕಿತ್ತು.

ಅವರು ಬಹಳ ಮೆಚ್ಚಿ ಹಾಕಿಸಿದ್ದು ಹಾಲ್ ಮತ್ತು ಊಟದ ಜಾಗದ ನಡುವಿನ ಮಡಚುವ ಮರದ ಗೋಡೆ. ಬೇಸಿಗೆಯಲ್ಲಿ ಚೆಂದ. ಜೂನ್ ಬಂತೆಂದರೆ ಮರ ಉಬ್ಬಿ, ಹಠಮಾರಿ ಎಮ್ಮೆಯ ಹಾಗೆ ನಿಂತಲ್ಲೇ ನಿಲ್ಲುತ್ತದೆ. ಶ್ರಾವಣದಲ್ಲಿ ಅದರ ಮಡಿಕೆಯೊಳಗೆಲ್ಲ ಬೂಷ್ಟು. ಒಂದು ಕಡೆ ಟೀವಿ ಹಾಕಿದರೆ ಇನ್ನೊಂದು ಕಡೆ ಓದುವ ಮಗಳಿಗೆ ಪೂರ್ತಿ ಧಾರಾವಾಹಿ ಕೇಳಿಸುತ್ತದೆ. ಇಡೀ ಮನೆಯಲ್ಲಿ ಕಣ್ಣಿಗೆ ಕಾಣುವ ಹಾಗೆ ಬದಲಾಗುವುದು ಇದೊಂದೇ, ಕೆಲಸಕ್ಕೆ ಬಾರದ್ದೂ ಇದೊಂದೇ. ಅದಕ್ಕೆ ಹೋದ ದುಡ್ಡಿನಲ್ಲಿ ಇನ್ನೂ ಎಷ್ಟೋ ಲಿಂಟಲ್ ಬಚ್ಚಿಡಬಹುದಿತ್ತು.

ಶುಲ್ಕ ಚದರ ಅಡಿ ಲೆಕ್ಕದಲ್ಲಿ. ಬರೀ ಪಾಲಿಕೆಗೆ ಕೊಡುವ ನಕ್ಷೆ ಮಾಡಿಕೊಡುವವರಿಗಿಂತ ಎಷ್ಟೋ ಪಟ್ಟು ಜಾಸ್ತಿ. ಎರಡು ವರ್ಷಕ್ಕೆ ಮಾರುವ ಮನೆಗೆ, ಬರೀ ಬಾಡಿಗೆಗೆ ಕಟ್ಟುವ ಮನೆಗೆ ಇಷ್ಟು ಕೊಡಬೇಡಿ. ಹಿರಿಯರೂ ಮಕ್ಕಳೂ ಇರುವ, ಇದೇ ಮನೆಯಲ್ಲಿ ಮುಪ್ಪಾಗುವ ಯೋಚನೆ ಇರುವವರು ಕೊಡಬಹುದು. ವಾಸ್ತು ಕೇಳುವವರಿಗೂ ಇವರು ಮುಖ ಸಿಂಡರಿಸಲ್ಲ.

ಒಂದು ವಿಷಯ ಮಾತ್ರ ಮೊದಲೇ ಬರೆಸಿಕೊಳ್ಳಿ. ಗಾರೆ ಹಾಕುವ ಮೊದಲು ಪ್ರತಿ ಗೋಡೆಗೂ ಅಳತೆ ಟೇಪ್ ಹಿಡಿದು ಫೋಟೋ ತೆಗೆದು, ಎಲ್ಲಿ ಪೈಪ್, ಎಲ್ಲಿ ವೈರ್, ಎಲ್ಲಿ ಮುಚ್ಚಿದ ಬಾಗಿಲು ಅಂತ ಫೈಲ್ ಮಾಡಿಕೊಡುತ್ತೇವೆ ಅಂದಿದ್ದರು. ಕೆಳಗಿನ ಮನೆಯದು ಕೊಟ್ಟರು, ಬಹಳ ಚೆನ್ನಾಗಿದೆ. ಮಹಡಿಯದು ಬರಲೇ ಇಲ್ಲ. ಅಷ್ಟರಲ್ಲಿ ಅಲ್ಲಿ ಪ್ಲಂಬರ್ ಲೈನು ಬದಲಿಸಿದ್ದ, ನೋಡಿಕೊಳ್ಳಲು ಇವರ ಕಡೆಯವರು ಬಂದಿರಲಿಲ್ಲ. ಗೀಸರ್ ಕೂರಿಸುವಾಗ ಡ್ರಿಲ್ ನೇರವಾಗಿ ಪೈಪಿಗೇ ಹೋಯಿತು. ಟೈಲ್ಸ್ ಒಡೆದು ಸರಿ ಮಾಡಿಸಿದ ಖರ್ಚು ನಮ್ಮದೇ. ಫೋನ್ ಮಾಡಿದರೆ ಈ ವಾರ ಕಳಿಸುತ್ತೇವೆ ಮೇಡಂ ಅನ್ನುತ್ತಾರೆ. ಕೊನೇ ಕಂತು ಕೊಡುವುದು ಆ ಫೈಲ್ ಪೂರ್ತಿ ಕೈಗೆ ಬಂದ ಮೇಲೆ ಅಂತ ಒಪ್ಪಂದದಲ್ಲೇ ಹಾಕಿಸಿ.