ಪಶ್ಚಿಮದ ಕಿಟಕಿಗೆ ಯಾವ ಬಳ್ಳಿ?

ಕಲಬುರಗಿಯ ಬೇಸಿಗೆಯಲ್ಲಿ ನಿಜವಾದ ತಲೆನೋವು ಪಶ್ಚಿಮದ ಕಿಟಕಿ. ನಡು ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲಿರುತ್ತಾನೆ, ಕಿಟಕಿ ಮೇಲಿನ ಸಜ್ಜಾದ ನೆರಳು ಸಾಕು. ಮೂರು ಗಂಟೆ ದಾಟಿತೋ, ಬಿಸಿಲು ಓರೆಯಾಗಿ ಸೀದಾ ಒಳಗೆ ನುಗ್ಗುತ್ತದೆ. ಆಗ ಒಳಗಡೆ ಪರದೆ ಎಳೆದರೆ ಕಣ್ಣಿಗೆ ತಂಪು, ಅಷ್ಟೇ. ಗಾಜು ದಾಟಿದ ಶಾಖ ಕೋಣೆಗೆ ಬಂದಾಯ್ತಲ್ವಾ? ತಡೆಯುವುದಿದ್ದರೆ ಹೊರಗೇ ತಡೆಯಬೇಕು.

ಮೊದಲು ಹಾಕಿದ್ದು ಹಾಗಲ. ಜಪಾನಿನಲ್ಲಿ ಮನೆ, ಶಾಲೆಗಳ ಕಿಟಕಿಗೆ ಬಲೆ ಕಟ್ಟಿ ಇದನ್ನೇ ಹಬ್ಬಿಸುತ್ತಾರೆ. 2011ರ ಫುಕುಶಿಮಾ ದುರಂತದ ನಂತರ ಕರೆಂಟ್ ಉಳಿಸಲು ಅದು ಇನ್ನೂ ಜಾಸ್ತಿಯಾಯಿತು. ಅವರು ಮೇ ಹೊತ್ತಿಗೆ ನೆಟ್ಟರೆ ಜುಲೈ, ಆಗಸ್ಟ್ ಸೆಕೆಗೆ ಸರಿಯಾಗಿ ಎಲೆ ತುಂಬುತ್ತದೆ. ನಮಗೆ ಮಾರ್ಚಿಗೇ ಬೆಂಕಿ. ಹಾಗಾಗಿ ಜನವರಿಯಲ್ಲೇ ಬೀಜ ಊರಬೇಕು. ಎಲೆ ದಟ್ಟ, ಮೇಲಾಗಿ ಪಲ್ಯಕ್ಕೆ ಕಾಯಿ. ಆದರೆ ಕುಂಡದಲ್ಲಿದ್ದರೆ ಏಪ್ರಿಲ್‌ನಲ್ಲಿ ಎರಡು ಹೊತ್ತು ನೀರು ಬೇಕು. ಒಂದು ಹೊತ್ತು ತಪ್ಪಿದರೂ ಸಂಜೆಗೆ ಎಲೆಯೆಲ್ಲ ಜೋತು ಬೀಳುತ್ತದೆ. ಮೇ ಬರುವಷ್ಟರಲ್ಲಿ ಬುಡದ ಎಲೆ ಹಳದಿಯಾಗಿ, ಕಿಟಕಿಯ ಕೆಳಭಾಗ ಬೋಳು.

ಶಂಖಪುಷ್ಪ ನೀರು ಅಷ್ಟು ಕೇಳುವುದಿಲ್ಲ. ಹೂವೂ ಚೆಂದ. ಎಲೆ ಮಾತ್ರ ಸಣ್ಣದು, ವಿರಳ. ನೆರಳಿಗೆ ಅಂತ ನಾನು ಇನ್ನೊಮ್ಮೆ ಹಾಕಲ್ಲ.

ಗೆದ್ದದ್ದು ಮಧುಮಾಲತಿ. ನರ್ಸರಿಯವರು ರಂಗೂನ್ ಕ್ರೀಪರ್ ಅಂತಾರೆ. ಬೇರು ನೆಲದಲ್ಲಿದ್ದರೆ ಇದರ ಜೋರೇ ಬೇರೆ. ಚಳಿಗಾಲದಲ್ಲಿ ಒಂದಿಷ್ಟು ಎಲೆ ಉದುರಿಸಿ, ಬಿಸಿಲು ಏರುವ ಮೊದಲು ಮತ್ತೆ ಚಿಗುರುತ್ತದೆ. ನಾಲ್ಕು ಗಂಟೆಗೆ ಬಳ್ಳಿಯಿರುವ ಕಿಟಕಿಯ ಕಬ್ಬಿಣದ ಸರಳು ಹಿಡಿಯಬಹುದು. ಪಕ್ಕದ ಬೋಳು ಕಿಟಕಿಯದ್ದು ಮುಟ್ಟಿದರೆ ಕೈ ಚುರ್ ಅನ್ನುತ್ತದೆ. ಸಂಜೆ ಬಿಳಿಯಾಗಿ ಅರಳಿದ ಹೂವು ಆಮೇಲೆ ಗುಲಾಬಿಯಾಗಿ, ಕೆಂಪಾಗುತ್ತದೆ. ರಾತ್ರಿ ಘಮ ಬೇರೆ. ಕಾಟವೂ ಇದೆ: ಕತ್ತರಿ ಕೆಳಗಿಟ್ಟರೆ ತಾರಸಿಗೆ ಹತ್ತಿ, ಕೇಬಲ್ ಸುತ್ತಿ, ಪಕ್ಕದ ಮನೆಯವರ ಕಾಂಪೌಂಡಿಗೂ ಹೋಗುತ್ತದೆ.

ಹಸಿರು ಶೇಡ್ ನೆಟ್ ಅನ್ನೂ ಕಟ್ಟಿ ನೋಡಿದೆ. ಕಟ್ಟಿದ ದಿನವೇ ನೆರಳು, ಇದಕ್ಕಿಂತ ಸುಲಭ ಯಾವುದೂ ಇಲ್ಲ. ಆದರೆ ಎಲೆ ನೀರನ್ನು ಆವಿಯಾಗಿ ಬಿಡುತ್ತಾ ತಾನು ತಂಪಾಗಿರುತ್ತದೆ. ಪ್ಲಾಸ್ಟಿಕ್ ನೆಟ್ ಸುಮ್ನೆ ಕಾದು ಬಿಸಿಯಾಗುತ್ತದೆ. ಕಿಟಕಿ ತೆರೆದರೆ ವ್ಯತ್ಯಾಸ ಗೊತ್ತಾಗುತ್ತದೆ.

ಯಾವ ಬಳ್ಳಿಯಾದರೂ ಗ್ರಿಲ್‌ಗೇ ಹಬ್ಬಿಸಬೇಡಿ. ಒಂದಡಿ ಆಚೆ ತಂತಿ ಎಳೆದು ಅದಕ್ಕೆ ಬಿಡಿ. ನಡುವೆ ಬಿಸಿ ಗಾಳಿ ಮೇಲೇರಿ ಹೋಗಬೇಕು, ಕಿಟಕಿ ಬಾಗಿಲೂ ತೆರೆಯಬೇಕು. ಕುಂಡದ ತಟ್ಟೆಯಲ್ಲಿ ನೀರು ನಿಂತರೆ ಸೊಳ್ಳೆ ಗ್ಯಾರಂಟಿ.

ಬಾಡಿಗೆ ಮನೆಯವರಿಗೆ ಮಾತ್ರ ನಾನು ಹೇಳುವುದು ಹಾಗಲವೇ. ಮಧುಮಾಲತಿ ಕಿಟಕಿ ತುಂಬಾ ಹರಡಲು ವರ್ಷದ ಮೇಲೆ ಬೇಕು. ಅಷ್ಟರಲ್ಲಿ ಓನರ್ ಮನೆ ಖಾಲಿ ಮಾಡಿ ಅಂದರೆ, ನೀರು ಹಾಕಿದ್ದು ನೀವು, ನೆರಳು ಅವರಿಗೆ.